ನಗಿಸುವವನ ಜೇಬಿಗೆ ಕೈ ಹಾಕಿದ ಕೋಕೋ!

ನಟ ಮಹಾಶಯ ನೆಲದ ಮೇಲೆ ಕೂತಿದ್ದಾನೆ. ಎದುರಿಗೆ ಕೂತಿರುವವಳು ಹೀರೋಯಿನ್ ಅಲ್ಲ. ನೂರು ಕಿಲೋ ದಾಟಿದ ಹೆಣ್ಣು ಗೊರಿಲ್ಲಾ! ಆಕೆ ಮೆಲ್ಲಗೆ ಕೈ ಚಾಚಿ ಈತನ ಕನ್ನಡಕ ತೆಗೆದು ತನ್ನ ಕಣ್ಣಿಗೆ ಏರಿಸಿಕೊಳ್ಳುತ್ತಾಳೆ. ಜೇಬಿಗೆ ಕೈ ಹಾಕಿ ಪರ್ಸ್ ತೆಗೆದು ತಪಾಸಣೆ ಮಾಡುತ್ತಾಳೆ. ಆಮೇಲೆ ಬೆರಳುಗಳಿಂದ ಸನ್ನೆ ಮಾಡಿ ಕೇಳುತ್ತಾಳೆ: ಕಚಗುಳಿ ಇಡು! ಈತ ಇಡುತ್ತಾನೆ. ಆಕೆ ಬಾಯಿ ತೆರೆದು ಮೈಯೆಲ್ಲ ಕುಲುಕಿಸಿ ನಗುತ್ತಾಳೆ. ಈತನೂ ನಗುತ್ತಾನೆ.

ಓದುಗ ಮಹಾಶಯರೇ, ಇದು ಟ್ರಿಕ್ ಷಾಟ್ ಅಲ್ಲ. ಗೊರಿಲ್ಲಾ ವೇಷ ತೊಟ್ಟ ಎಕ್ಸ್‌ಟ್ರಾ ಕಲಾವಿದನ ಕರಾಮತ್ತೂ ಅಲ್ಲ. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವುಡ್‌ಸೈಡ್ ಎಂಬ ಊರಿನ ಗುಡ್ಡದ ಮೇಲೆ ನಡೆದ ನಿಜವಾದ ಭೇಟಿ. ಆ ನಟ ರಾಬಿನ್ ವಿಲಿಯಮ್ಸ್. ಆ ಗೊರಿಲ್ಲಾ ಕೋಕೋ.

ರಾಬಿನ್ ಯಾರು ಅಂತ ಕೇಳುವವರಿಗೆ ಒಂದು ಮಾತು. ಕಮಲಹಾಸನ್ ಸೀರೆ ಉಟ್ಟು ಅಜ್ಜಿಯಾಗಿ ನಗಿಸಿದ ತಮಿಳಿನ ‘ಅವ್ವೈ ಷಣ್ಮುಗಿ’ (1996), ಹಿಂದಿಯ ‘ಚಾಚಿ 420’ (1997) ನೋಡಿದ್ದೀರಲ್ಲ? ಅವೆರಡಕ್ಕೂ ಮೂಲ ಸ್ಫೂರ್ತಿ 1993ರ ‘ಮಿಸೆಸ್ ಡೌಟ್‌ಫೈರ್’. ಅದರಲ್ಲಿ ಸ್ಕರ್ಟ್ ತೊಟ್ಟು ಮಕ್ಕಳ ಆಯಾ ಆದವನೇ ಈ ರಾಬಿನ್. ಈತನ ‘ಪ್ಯಾಚ್ ಆಡಮ್ಸ್’ (1998) ನೋಡಿದವರಿಗೆ ಮುನ್ನಾಭಾಯಿಯೂ, ಅವನ ಕನ್ನಡ ತಮ್ಮ ನಮ್ಮ ‘ಉಪ್ಪಿದಾದಾ ಎಂಬಿಬಿಎಸ್’ ಕೂಡ ನೆನಪಾಗದೇ ಇರಲಾರರು. ‘ಗುಡ್ ವಿಲ್ ಹಂಟಿಂಗ್’ (1997) ಚಿತ್ರಕ್ಕೆ ಆಸ್ಕರ್ ಗೆದ್ದ. ಮೈಕ್ ಮುಂದೆ ನಿಂತರೆ ಮಾತು ಮಳೆಗಾಲದ ಜೋಗ! ಅಂಥ ಮಾತುಗಾರನನ್ನು ಒಂದು ಮಾತೂ ಆಡದ ಗೊರಿಲ್ಲಾ ಕೂರಿಸಿಕೊಂಡು ನಗಿಸಿದಳು ಅನ್ನೋದೇ ನನಗೆ ಈ ಲೇಖನ ಬರೆಯೋಕೆ ಮೊದಲ ಕಾರಣ. ಎರಡನೆಯದನ್ನು ಆಮೇಲೆ ಹೇಳ್ತೀನಿ.

ಪಟಾಕಿ ಹುಡುಗಿ

ಕೋಕೋ ಹುಟ್ಟಿದ್ದು 1971ರ ಜುಲೈ 4ರಂದು, ಸ್ಯಾನ್‌ಫ್ರಾನ್ಸಿಸ್ಕೋ ಮೃಗಾಲಯದಲ್ಲಿ. ಅಮೆರಿಕದವರು ಸ್ವಾತಂತ್ರ್ಯೋತ್ಸವಕ್ಕೆ ಆಕಾಶದ ತುಂಬ ಪಟಾಕಿ ಹಾರಿಸುವ ದಿನ ಅದು. ಹಾಗಾಗಿ ‘ಹನಾಬಿಕೋ’ ಅಂತ ನಾಮಕರಣ. ಜಪಾನಿ ಭಾಷೆಯಲ್ಲಿ ಪಟಾಕಿಯ ಕೂಸು ಎಂದರ್ಥ. ಮುದ್ದಿನ ಹೆಸರು ಕೋಕೋ. ಕೂಸಿಗೆ ಕಾಯಿಲೆಯಾಗಿ ತಾಯಿಯಿಂದ ಬೇರೆ ಮಾಡಬೇಕಾಯಿತು. 1972ರಲ್ಲಿ ಫ್ರಾನ್ಸಿನ್ ಪ್ಯಾಟರ್ಸನ್ ಎಂಬ ಯುವ ಸಂಶೋಧಕಿ ಬಂದು ಇದಕ್ಕೆ ಕಿವುಡ-ಮೂಗರ ಕೈಸನ್ನೆಯ ಭಾಷೆ ಕಲಿಸತೊಡಗಿದರು.

ಬಾಯಿ ಮಾತನ್ನೇ ಯಾಕೆ ಕಲಿಸಬಾರದಿತ್ತು ಅಂತೀರಾ? ಅದೂ ಆಗಿಹೋಗಿತ್ತು. 1940ರ ದಶಕದ ಕೊನೆಯಲ್ಲಿ ಹೇಯ್ಸ್ ಎಂಬ ದಂಪತಿಗಳು ವಿಕಿ ಎಂಬ ಚಿಂಪಾಂಜಿ ಮರಿಯನ್ನು ಮನೆಮಗಳ ಹಾಗೆ ಸಾಕಿ, ತುಟಿ ಹಿಡಿದು ತಿದ್ದಿ ತೀಡಿ ವರ್ಷಗಟ್ಟಲೆ ಹೆಣಗಿದರು. ಬಂದದ್ದು ನಾಲ್ಕೇ ಪದ. ಅದೂ ಪಿಸುಗುಟ್ಟಿದ ಹಾಗೆ. ಬಾಲವಿಲ್ಲದ ಈ ದೊಡ್ಡ ಕಪಿಗಳ ಗಂಟಲು ನಮ್ಮ ಮಾತಿಗೆ ಒಗ್ಗುವುದಿಲ್ಲ. ಆದರೆ ಕೈ? ಕೈ ಎಷ್ಟು ಚುರುಕು! ಇದನ್ನು ಗಮನಿಸಿದ ಗಾರ್ಡ್ನರ್ ದಂಪತಿಗಳು 1966ರಿಂದ ನೆವಾಡಾ ರಾಜ್ಯದ ರೀನೋದಲ್ಲಿ ವಾಷೋ ಎಂಬ ಚಿಂಪಾಂಜಿಗೆ ಸನ್ನೆ ಕಲಿಸಿದರು. ಅವಳು ನೂರಕ್ಕೂ ಹೆಚ್ಚು ಸನ್ನೆ ಕಲಿತಳು. ಹಂಸ ಕಂಡಾಗ ‘ನೀರು’, ‘ಹಕ್ಕಿ’ ಅಂತ ಎರಡು ಸನ್ನೆ ಕೂಡಿಸಿ ತೋರಿಸಿದಳು. ಕಚಗುಳಿಗೆ ಅವಳ ಸನ್ನೆ ಏನು ಗೊತ್ತೇ? ಒಂದು ಕೈಯ ತೋರುಬೆರಳನ್ನು ಇನ್ನೊಂದು ಕೈಯ ಹಿಂಬದಿಯ ಮೇಲೆ ಎಳೆಯುವುದು. ಮಾಡಿ ನೋಡಿ, ಬಸ್ಸಿನಲ್ಲಿ ಪಕ್ಕದವರು ಏನಂದುಕೊಂಡರೂ ಚಿಂತೆಯಿಲ್ಲ.

ಕೋಕೋ ಸಾವಿರಕ್ಕೂ ಹೆಚ್ಚು ಸನ್ನೆ ಕಲಿತಳು ಎಂದು ಪ್ಯಾಟರ್ಸನ್ ಹೇಳಿದರು. 1978ರ ಅಕ್ಟೋಬರ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟಕ್ಕೆ ಕನ್ನಡಿಯಲ್ಲಿ ತನ್ನ ಫೋಟೋ ತಾನೇ ತೆಗೆದುಕೊಂಡು ಬಂದಳು. 1984ರಲ್ಲಿ ಆಕೆಗೆ ಬಾಲವಿಲ್ಲದ ಬೆಕ್ಕಿನಮರಿ ಒಂದು ಸಿಕ್ಕಿತು. ‘ಆಲ್ ಬಾಲ್’ ಅಂತ ಹೆಸರು. ಅದನ್ನು ಎದೆಗೊತ್ತಿಕೊಂಡು ಓಡಾಡಿದಳು. ಅದೇ ಡಿಸೆಂಬರಿನಲ್ಲಿ ಮರಿ ಕಾರಿಗೆ ಸಿಕ್ಕಿ ಸತ್ತಿತು. ಸುದ್ದಿ ಹೇಳಿದಾಗ ಆಕೆ ಅಳು, ದುಃಖ ಅನ್ನುವ ಸನ್ನೆ ಮಾಡಿದಳು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಸಿನಿಮಾ ಪತ್ರಿಕೆಯವರು ಬೆಣ್ಣೆಯಲ್ಲಿ ಕೂದಲು ಬಿಟ್ಟು ಬೆಟ್ಟ ತೋರಿಸುತ್ತಾರೆ ಅನ್ನುವ ಅಪವಾದ ನನಗೆ ಬೇಡ. ಇದನ್ನೆಲ್ಲ ಒಪ್ಪದ ವಿಜ್ಞಾನಿಗಳು ಬೇಕಾದಷ್ಟಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಎಂಬವರು ನಿಮ್ ಎಂಬ ಚಿಂಪಾಂಜಿಗೆ 1973ರಿಂದ 77ರವರೆಗೆ ಸನ್ನೆ ಕಲಿಸಿದರು. ಆಮೇಲೆ ತಾವೇ ಚಿತ್ರೀಕರಿಸಿದ್ದ ವಿಡಿಯೋ ಟೇಪನ್ನು ನಿಧಾನವಾಗಿ ಓಡಿಸಿ ನೋಡಿದರೆ ಕಂಡದ್ದೇ ಬೇರೆ! ನಿಮ್ ಸನ್ನೆ ಮಾಡುವ ಮುನ್ನ ಎದುರಿನ ಟೀಚರು ಎಷ್ಟೋ ಸಲ ಅದೇ ಸನ್ನೆ ಮಾಡಿದ್ದಾರೆ. ಇವನು ಅದನ್ನು ನಕಲು ಹೊಡೆದು ಕಿತ್ತಳೆಹಣ್ಣು ಗಿಟ್ಟಿಸಿದ್ದಾನೆ. ಇದು ಭಾಷೆಯಲ್ಲ, ಬೇಡುವ ಉಪಾಯ ಅಂತ 1979ರಲ್ಲಿ ಟೆರೇಸ್ ಬರೆದುಬಿಟ್ಟರು. ಕೋಕೋ ಮೇಲೂ ಅದೇ ಆಕ್ಷೇಪ. ಆಕೆ ಏನು ಹೇಳಿದಳು ಅನ್ನುವುದನ್ನು ಹೆಚ್ಚಾಗಿ ಪ್ಯಾಟರ್ಸನ್ನರೇ ಅರ್ಥ ಮಾಡಿ ಹೇಳುತ್ತಿದ್ದರು. ನನ್ನ ಮಟ್ಟಿಗೆ ಹೇಳೋದಾದರೆ, ವ್ಯಾಕರಣ ಬರೋದಿಲ್ಲ ಅನ್ನೋದು ನಿಜವೇ ಇರಬಹುದು. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ವ್ಯಾಕರಣದ ವಿಷಯದಲ್ಲಿ ಯಾರ ಮೇಲೂ ಕಲ್ಲೆಸೆಯಲಾರೆ. ಆದರೆ ಕಚಗುಳಿ ಬೇಕು ಅಂತ ಕೇಳೋಕೆ, ಇಟ್ಟಾಗ ನಗೋಕೆ ವಿಭಕ್ತಿ ಪ್ರತ್ಯಯ ಯಾಕೆ ಬೇಕು?

ಅದಿರಲಿ. ಕೋಕೋಗೆ ಮೈಕೆಲ್ ಎಂಬ ಗಂಡು ಗೊರಿಲ್ಲಾ ಜೊತೆಗಾರನಿದ್ದ. ಚಿಕ್ಕಂದಿನಿಂದ ಒಟ್ಟಿಗೇ ಬೆಳೆದವರು. 2000ದ ಏಪ್ರಿಲ್‌ನಲ್ಲಿ ಅವನು ಸತ್ತುಹೋದ. ಆಮೇಲೆ ಕೋಕೋ ಮಂಕಾಗಿ ಕೂತಳು, ಬಹುದಿನ ನಕ್ಕೇ ಇರಲಿಲ್ಲ, ರಾಬಿನ್ ಬಂದ ದಿನ ನಕ್ಕಳು ಅಂತ ಆಕೆಯನ್ನು ಸಾಕಿದ ಗೊರಿಲ್ಲಾ ಪ್ರತಿಷ್ಠಾನ ಹೇಳಿತು.

ಬೆಲೂಷಿ ಸತ್ತ ರಾತ್ರಿ

ಈಗ ನಟನ ಕಡೆಗೆ ಬರೋಣ. ಅವತ್ತು ಕೋಕೋ ತಪಾಸಣೆ ಮಾಡಿದಳಲ್ಲ, ಆ ಜೇಬಿನಲ್ಲಿ ಬಾಟಲಿ ಇರಲಿಲ್ಲ. ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಕಥೆ ಬೇರೆ ಇತ್ತು.

1978ರಿಂದ 82ರವರೆಗೆ ‘ಮಾರ್ಕ್ ಅಂಡ್ ಮಿಂಡಿ’ ಎಂಬ ಟೀವಿ ಧಾರಾವಾಹಿಯಲ್ಲಿ ರಾಬಿನ್ ಮನೆಮಾತಾಗಿದ್ದ. ದುಡ್ಡು ಬಂತು, ಹೆಸರು ಬಂತು, ಹಿಂದೆಯೇ ಕೊಕೇನ್ ಪುಡಿಯೂ ಬಂತು, ಕುಡಿತವೂ ಬಂತು. ಹಾಲಿವುಡ್‌ನ ರಾತ್ರಿಗಳೆಂದರೆ ಹಾಗೆಯೇ. ಜಾನ್ ಬೆಲೂಷಿ ಎಂಬ ಇನ್ನೊಬ್ಬ ಹಾಸ್ಯನಟ ಗೆಳೆಯನಿದ್ದ. 1982ರ ಮಾರ್ಚ್‌ನಲ್ಲಿ ಒಂದು ರಾತ್ರಿ ಲಾಸ್ ಏಂಜಲೀಸ್‌ನ ಹೋಟೆಲಿನ ಬಂಗಲೆಯಲ್ಲಿ ಬೆಲೂಷಿಯನ್ನು ರಾಬಿನ್ ನೋಡಿ ಬಂದ. ಮಾರನೆಯ ದಿನ, ಮಾರ್ಚ್ 5ರಂದು, ಬೆಲೂಷಿ ಹೆಣವಾಗಿದ್ದ. ಹೆರಾಯಿನ್ ಮತ್ತು ಕೊಕೇನ್ ಬೆರೆಸಿ ಚುಚ್ಚಿಸಿಕೊಂಡದ್ದು ಪ್ರಾಣ ತೆಗೆದಿತ್ತು. ವಯಸ್ಸು ಬರೀ 33.

ರಾಬಿನ್ ನಡುಗಿಹೋದ. ಮನೆಯಲ್ಲಿ ಹೆಂಡತಿ ಗರ್ಭಿಣಿಯಾದಳು. 1983ರಲ್ಲಿ ಮೊದಲ ಮಗ ಹುಟ್ಟಿದ. ಅಪ್ಪನಾಗುವವನು ಹೀಗಿರಕೂಡದು ಅಂತ ಪುಡಿ, ಬಾಟಲಿ ಎರಡನ್ನೂ ಬಿಟ್ಟ. ಆ ಖಾಲಿ ಜಾಗಕ್ಕೆ ಏನು ತುಂಬಿಕೊಂಡ ಗೊತ್ತೇ? ಸೈಕಲ್! ಬೆಳಿಗ್ಗೆ ಎದ್ದು ಗುಡ್ಡ ಹತ್ತಿ ಇಳಿದ. ಸೈಕಲ್ ತನ್ನ ಜೀವ ಉಳಿಸಿತು ಅಂತಲೇ ಹೇಳುತ್ತಿದ್ದ. ಮುಂದೆ ಮನೆ ತುಂಬ ಸೈಕಲ್ ಸಂಗ್ರಹವಾಯಿತು. ‘ಗುಡ್ ಮಾರ್ನಿಂಗ್ ವಿಯೆಟ್ನಾಂ’, ‘ಡೆಡ್ ಪೊಯೆಟ್ಸ್ ಸೊಸೈಟಿ’, ‘ಅವೇಕನಿಂಗ್ಸ್’, ನಾನು ಮೇಲೆ ಹೇಳಿದ ಎಲ್ಲ ಚಿತ್ರಗಳೂ ಬಂದದ್ದು ಈ ನೆಟ್ಟಗಿನ ವರ್ಷಗಳಲ್ಲೇ. ಏರಿದ್ದರೇ ಕಲೆ ಬರುತ್ತೆ ಅನ್ನುವ ನಮ್ಮ ಗಾಂಧಿನಗರದ ಕೆಲವು ಮಹಾನುಭಾವರು ಈ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಳ್ಳಲಿ.

ಚಟ ಕಲಿಸಿದ ಗುರುಗಳು

ಕಪಿಗಳ ಕಥೆಯಲ್ಲೂ ಚಟ ಬರುತ್ತದೆ. ಅದನ್ನು ಓದಿ ನನಗೆ ನಾಚಿಕೆಯಾಯಿತು. ಆ ನಿಮ್ ಇದ್ದನಲ್ಲ, ಅವನ ಬಗ್ಗೆ 2011ರಲ್ಲಿ ಜೇಮ್ಸ್ ಮಾರ್ಷ್ ‘ಪ್ರಾಜೆಕ್ಟ್ ನಿಮ್’ ಅಂತ ಸಾಕ್ಷ್ಯಚಿತ್ರ ತೆಗೆದರು. ಸಿಕ್ಕರೆ ನೋಡಿ. ಸಾಕಿದವರು ಮರಿಗೆ ಸನ್ನೆಯ ಜೊತೆಗೆ ಬಿಯರ್ ರುಚಿಯನ್ನೂ ಹತ್ತಿಸಿದರು, ಗಾಂಜಾ ದಮ್ಮನ್ನೂ ಕಲಿಸಿದರು. ದಮ್ಮು ಬೇಕು ಅಂತ ಅವನು ಸನ್ನೆ ಮಾಡಿ ಕೇಳುತ್ತಿದ್ದನಂತೆ! ಪ್ರಯೋಗ ಮುಗಿದ ಮೇಲೆ ಹುಟ್ಟಿದ ಕಡೆಗೇ ವಾಪಸ್. 1982ರಲ್ಲಿ ಔಷಧಿ ಪ್ರಯೋಗ ಮಾಡುವ ಲ್ಯಾಬೊರೇಟರಿಗೆ ಮಾರಾಟ. ಜನ ಗಲಾಟೆ ಎಬ್ಬಿಸಿದ ಮೇಲೆ ಬಿಡುಗಡೆಯಾಗಿ ಟೆಕ್ಸಾಸ್‌ನ ಪ್ರಾಣಿಧಾಮ ಸೇರಿದ. 2000ದಲ್ಲಿ ಹೃದಯ ನಿಂತು ಸತ್ತ.

ಲೂಸಿಯದು ಇನ್ನೂ ದೊಡ್ಡ ಕಥೆ. ಓಕ್ಲಹಾಮದ ಟೆಮರ್ಲಿನ್ ಎಂಬ ಮನಃಶಾಸ್ತ್ರಜ್ಞರ ಮನೆಯಲ್ಲಿ ಬೆಳೆದ ಚಿಂಪಾಂಜಿ. ಸನ್ನೆ ಕಲಿಸಲು ಮೇಷ್ಟ್ರು ಬಂದರೆ ಒಲೆ ಹಚ್ಚಿ ಟೀ ಮಾಡಿ ಕೊಡುತ್ತಿದ್ದಳು. ಸಂಜೆಯಾದರೆ ಗ್ಲಾಸಿಗೆ ಜಿನ್ ಬಗ್ಗಿಸಿಕೊಂಡು ಸೋಫಾದಲ್ಲಿ ಕೂತು ಮ್ಯಾಗಜೀನ್ ತಿರುವುತ್ತಿದ್ದಳು! ಬೆಳೆದು ಬಲಿತ ಮೇಲೆ ಸಾಕುವುದು ಕಷ್ಟವಾಗಿ, 1977ರಲ್ಲಿ ಆಫ್ರಿಕಾದ ಗ್ಯಾಂಬಿಯಾಕ್ಕೆ ಕರೆದೊಯ್ದರು. ಜೊತೆಗೆ ಹೋದವಳು ಜಾನಿಸ್ ಕಾರ್ಟರ್ ಎಂಬ ವಿದ್ಯಾರ್ಥಿನಿ. ಮೂರು ವಾರಕ್ಕೆಂದು ಹೋದಾಕೆ ವರ್ಷಗಟ್ಟಲೆ ನಿಂತುಬಿಟ್ಟಳು. ಯಾಕೆಂದರೆ ಲೂಸಿಗೆ ಕಾಡು ಗೊತ್ತಿರಲಿಲ್ಲ. ಎಲೆ ತಿನ್ನಲು ಬರುತ್ತಿರಲಿಲ್ಲ, ಮರ ಹತ್ತಲು ಮನಸ್ಸಿಲ್ಲ. ಕೊನೆಗೆ ನದಿಯ ನಡುವಿನ ದ್ವೀಪದಲ್ಲಿ ಜಾನಿಸ್ ಒಂದು ಪಂಜರ ಕಟ್ಟಿಸಿಕೊಂಡು ತಾನು ಒಳಗೆ ಕೂತಳು! ಚಿಂಪಾಂಜಿಗಳು ಹೊರಗೆ. ಉಳಿದವು ಕಾಡಿನ ಕಡೆ ಹೋದವು. ಲೂಸಿ ಮಾತ್ರ ಪಂಜರದ ಹತ್ತಿರವೇ ಕೂತು ಸನ್ನೆ ಮಾಡುತ್ತಿದ್ದಳು. ಊಟ ಕೊಡು, ಕುಡಿಯೋಕೆ ಕೊಡು, ಜಾನಿಸ್ ಹೊರಗೆ ಬಾ. ಒಳಗಿದ್ದಾಕೆ ಉತ್ತರ ಕೊಡಬಾರದು. ಕೊಟ್ಟರೆ ಅವಳು ಯಾವತ್ತೂ ಕಾಡು ಕಲಿಯುವುದಿಲ್ಲ. ಲೂಸಿ ಸೊರಗಿದಳು, ಕೂದಲು ಉದುರಿತು. ಒಂದು ದಿನ ಇಬ್ಬರೂ ಸುಸ್ತಾಗಿ ಮರಳ ಮೇಲೆ ಮಲಗಿ ನಿದ್ದೆಹೋದರು. ಎಚ್ಚರವಾದಾಗ ಲೂಸಿ ಒಂದು ಎಲೆ ಕಿತ್ತು ಜಾನಿಸ್ ಕಡೆ ಚಾಚಿದಳು. ಜಾನಿಸ್ ಕಚ್ಚಿ ತಿಂದು ತಿರುಗಿ ಚಾಚಿದಳು. ಅವಳೂ ತಿಂದಳು. ಅಲ್ಲಿಂದ ಲೂಸಿ ಕಾಡಿನವಳಾದಳು. 1987ರಲ್ಲಿ ಅವಳ ಅಸ್ಥಿಪಂಜರ ಸಿಕ್ಕಿತು. ಯಾಕೆ ಸತ್ತಳು ಅನ್ನುವುದು ಖಚಿತವಾಗಲಿಲ್ಲ.

ಚಿತ್ರರಸಿಕರಿಗೆ ಇಲ್ಲೊಂದು ಕೊಸರು. ಬಾರ್ಬೆ ಷ್ರೋಡರ್ ಎಂಬ ನಿರ್ದೇಶಕ 1969ರಲ್ಲಿ ‘ಮೋರ್’ ತೆಗೆದ. ಹೆರಾಯಿನ್ನಿಗೆ ಬಿದ್ದು ಹಾಳಾಗುವ ಹುಡುಗನ ಕಥೆ, ಪಿಂಕ್ ಫ್ಲಾಯ್ಡ್ ತಂಡದ ಸಂಗೀತ. ಅದೇ ಮನುಷ್ಯ 1978ರಲ್ಲಿ ನಮ್ಮ ಕೋಕೋ ಮೇಲೆ ಸಾಕ್ಷ್ಯಚಿತ್ರ ತೆಗೆದ. ಎರಡಕ್ಕೂ ಛಾಯಾಗ್ರಾಹಕ ನೆಸ್ಟರ್ ಅಲ್ಮೆಂಡ್ರೋಸ್. ಷ್ರೋಡರ್ ಆಮೇಲೆ 1987ರಲ್ಲಿ ‘ಬಾರ್‌ಫ್ಲೈ’ ಅಂತ ಕುಡುಕನ ಚಿತ್ರವನ್ನೂ ತೆಗೆದ. ಚಟ, ಗೊರಿಲ್ಲಾ, ಮತ್ತೆ ಚಟ!

ಲೈಟ್ ಅಣ್ಣ

ಎರಡನೆಯ ಕಾರಣ ಹೇಳ್ತೀನಿ ಅಂದಿದ್ದೆ. ನಮ್ಮ ಬೆಂಗಳೂರಿನ ಯೂನಿಟ್ಟುಗಳಲ್ಲಿ ದುಡಿಯುವ ಒಬ್ಬ ಲೈಟ್‌ಮ್ಯಾನ್ ಇದ್ದಾನೆ. ಹೆಸರು ಬೇಡ. ನಾನು ಅಣ್ಣ ಅಂತಲೇ ಕರೆಯೋದು. ನಾನು ಪತ್ರಿಕೆಗೆ ಬರೆಯಲು ಷುರು ಮಾಡಿದಾಗ ಸೆಟ್‌ಗಳಿಗೆ ನುಗ್ಗಿಸಿದವನೇ ಆತ. ವಿಪರೀತ ಕುಡಿತವಿತ್ತು. ಬಿಟ್ಟ. ಎರಡು ವರ್ಷ ಮುಟ್ಟಲಿಲ್ಲ. ಆಮೇಲೆ ಒಂದು ಮಲೆನಾಡಿನ ಔಟ್‌ಡೋರ್‌ನಲ್ಲಿ ಮಳೆ ಹಿಡಿದು ಮೂರು ದಿನ ಪ್ಯಾಕಪ್. ಲಾಡ್ಜ್ ರೂಮಿನಲ್ಲಿ ಒಬ್ಬನೇ. ಒಂದು ನೈಂಟಿ. ವಾರ ಕಳೆಯೋದರೊಳಗೆ ಕ್ವಾರ್ಟರ್ ಮೇಲೆ ಕ್ವಾರ್ಟರ್.

ಆತ ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ‘ಇವನು ಉದ್ಧಾರ ಆಗೋನಲ್ಲ’ ಅಂತ ಎಲ್ಲರೂ ಅಂದರು. ನಾನೂ ಅಂದೆ.

ಆ ದಿನಗಳಲ್ಲೇ ರಾಬಿನ್ ಬಗ್ಗೆ ಓದಿದ್ದು. 2003ರ ಸುಮಾರಿಗೆ ಅಲಾಸ್ಕಾದಲ್ಲಿ ಆತ ಕೆಲಸದ ಮೇಲೆ ಇದ್ದ. ಹಿಮ, ಚಳಿ, ಮೂಲೆಯ ಸಣ್ಣ ಊರು. ಇಪ್ಪತ್ತು ವರ್ಷ ಮುಟ್ಟದವನು ಒಂದು ಪುಟ್ಟ ಬಾಟಲಿ ವಿಸ್ಕಿ ಎತ್ತಿಕೊಂಡ. ವಾರದೊಳಗೆ ಎಷ್ಟು ಬಾಟಲಿ ಕೊಂಡನೆಂದರೆ, ರಸ್ತೆಯಲ್ಲಿ ನಡೆದರೆ ಗಾಳಿಗೆ ತೂಗುವ ಗಂಟೆಗಳ ಥರ ಕಿಣಿಕಿಣಿ ಸದ್ದು ಬರುತ್ತಿತ್ತು ಅಂತ ಆತನೇ ಆಮೇಲೆ ನಗುತ್ತಾ ಹೇಳಿಕೊಂಡಿದ್ದಾನೆ. ಮೂರು ವರ್ಷ ಹಾಗೇ ಹೋಯಿತು. ಕೊನೆಗೆ ಮನೆಯವರು ಕೂರಿಸಿಕೊಂಡು ಮಾತಾಡಿದ ಮೇಲೆ 2006ರಲ್ಲಿ ಒರೆಗಾನ್ ರಾಜ್ಯದ ಚಿಕಿತ್ಸಾ ಕೇಂದ್ರಕ್ಕೆ ತಾನೇ ಹೋಗಿ ಸೇರಿದ. ಅಲ್ಲಿಂದ ಬಂದು ಕುಡಿತ ಬಿಟ್ಟವರ ಸಭೆಗಳಲ್ಲಿ ಎಲ್ಲರ ಹಾಗೆ ಕುರ್ಚಿ ಹಾಕಿಕೊಂಡು ಕೂತ.

ಲಾಡ್ಜ್ ರೂಮಿಗೂ ಅಲಾಸ್ಕಾಕ್ಕೂ ಏನು ವ್ಯತ್ಯಾಸ, ಹೇಳಿ? ಡಾಕ್ಟರುಗಳು ಇದನ್ನು ಬಿ.ಪಿ., ಸಕ್ಕರೆ ಕಾಯಿಲೆಯ ಸಾಲಿಗೇ ಸೇರಿಸುತ್ತಾರೆ. ವರ್ಷಗಟ್ಟಲೆ ಹಿಡಿತದಲ್ಲಿದ್ದು ಒಂದು ದಿನ ತಪ್ಪಬಹುದು. ತಪ್ಪಿದರೆ ಮತ್ತೆ ಔಷಧ, ಮತ್ತೆ ಪಥ್ಯ. ಸಕ್ಕರೆ ಏರಿದವನನ್ನು ಯಾರೂ ಲಫಂಗ ಅನ್ನೋದಿಲ್ಲ. ಇನ್ನೊಂದು ಮಾತು: ದಿನಾ ಹೆಚ್ಚು ಕುಡಿಯುವವರು ಶಪಥ ಮಾಡಿ ದಿಢೀರನೆ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಡಾಕ್ಟರ ಕಣ್ಣೆದುರು ಬಿಡಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದಕ್ಕೆ ಪ್ರತ್ಯೇಕ ವಿಭಾಗವಿದೆ.

ಒಂದು ಭಾನುವಾರ ವ್ಯಸನಮುಕ್ತಿ ಕೇಂದ್ರಕ್ಕೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ತೆಳ್ಳಗಾಗಿದ್ದ. ಏನು ಮಾತಾಡಬೇಕೋ ನನಗೆ ತಿಳಿಯಲಿಲ್ಲ, ಆತನಿಗೂ ತಿಳಿಯಲಿಲ್ಲ. ಕ್ಷಮಿಸು ಅನ್ನೋಕೆ ಬಾಯಿ ಬರಲಿಲ್ಲ. ಮೊಬೈಲ್ ತೆಗೆದು ಈ ರಾಬಿನ್-ಕೋಕೋ ವಿಡಿಯೋ ಹಾಕಿ ಕೈಗೆ ಕೊಟ್ಟೆ. ಮೊದಲು ಸುಮ್ಮನೆ ನೋಡಿದ. ಜೇಬು ತಡಕುವಾಗ ಕಿಸಕ್ಕನೆ ನಕ್ಕ.

‘ನನ್ನ ಹೆಂಡ್ತೀನೂ ಹಿಂಗೇ ಕಣಪ್ಪಾ ತಡಕೋದು!’ ಅಂದ.

ಕತೆಯೆಲ್ಲ ಹೇಳಿದೆ. ಲೂಸಿ, ಎಲೆ, ಪಂಜರ. ಅಲಾಸ್ಕಾದ ಬಾಟಲಿ ಸದ್ದನ್ನೂ ಹೇಳಿದೆ. ‘ಇಪ್ಪತ್ ವರ್ಸ ಬಿಟ್ಟಿದ್ದೋನಾ?’ ಅಂತ ಎರಡು ಸಲ ಕೇಳಿದ. ಆಮೇಲೆ ‘ಪಂಜರದೊಳಗೆ ಆಯಮ್ಮ ಕೂತಿದ್ಲಾ, ಪ್ರಾಣಿ ಹೊರಗಾ?’ ಅಂದು ಸುಮ್ಮನಾದ.

ಆಮೇಲಿನದು

2014ರ ಆಗಸ್ಟ್ 11ರಂದು ರಾಬಿನ್ ತನ್ನ ಕೈಯಾರೆ ಜೀವ ಕಳೆದುಕೊಂಡ. ವಯಸ್ಸು 63. ಮತ್ತೆ ಚಟಕ್ಕೆ ಬಿದ್ದನಂತೆ ಎಂದು ಗುಲ್ಲೆದ್ದಿತು. ಅದು ಸುಳ್ಳು, ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಮರಣೋತ್ತರ ಪರೀಕ್ಷೆಯಲ್ಲಿ ಮದ್ಯವೂ ಸಿಗಲಿಲ್ಲ, ಮಾದಕ ದ್ರವ್ಯವೂ ಸಿಗಲಿಲ್ಲ. ಸಿಕ್ಕಿದ್ದು ಡಾಕ್ಟರು ಬರೆದುಕೊಟ್ಟ ಔಷಧಿಗಳಷ್ಟೆ. ಮಿದುಳನ್ನು ಪರೀಕ್ಷಿಸಿದಾಗ ‘ಲೂಯಿ ಬಾಡಿ’ ಎಂಬ ಕ್ರೂರ ಮರೆವಿನ ಕಾಯಿಲೆ ಎಲ್ಲೆಡೆ ಹರಡಿದ್ದು ಗೊತ್ತಾಯಿತು. ಭಯ, ಗೊಂದಲ, ನಿದ್ದೆಯಿಲ್ಲದ ರಾತ್ರಿಗಳು, ಡೈಲಾಗ್ ನೆನಪಾಗದಿರುವುದು, ಎಲ್ಲ ಅದರಿಂದಲೇ. ಬದುಕಿದ್ದಾಗ ಪಾರ್ಕಿನ್ಸನ್ ಅಂತಷ್ಟೇ ಹೇಳಿದ್ದರು. 2016ರಲ್ಲಿ ಹೆಂಡತಿ ಸುಸಾನ್ ಇದನ್ನೆಲ್ಲ ಡಾಕ್ಟರುಗಳ ಪತ್ರಿಕೆಯೊಂದರಲ್ಲಿ ವಿವರವಾಗಿ ಬರೆದರು. ಸಾಯುವ ಹಿಂದಿನ ತಿಂಗಳು ಕೂಡ ಆತ ಚಿಕಿತ್ಸಾ ಕೇಂದ್ರಕ್ಕೆ ಹೋಗಿದ್ದು ಕುಡಿದದ್ದಕ್ಕಲ್ಲ, ಕುಡಿಯದೇ ಇರುವ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು. ಎರಡನೇ ಸಲ ಬಿಟ್ಟದ್ದನ್ನು ಆತ ಬಿಟ್ಟೇ ಇದ್ದ.

ಕೋಕೋಗೆ ಸುದ್ದಿ ಹೇಳಿದಾಗ ತಲೆ ತಗ್ಗಿಸಿ ಕೂತಳು, ಕೆಳತುಟಿ ನಡುಗಿತು ಅಂತ ಪ್ರತಿಷ್ಠಾನದವರು ಹೇಳಿದರು. ಹದಿಮೂರು ವರ್ಷ ಹಿಂದೆ ಬಂದುಹೋದವನ ನೆನಪೋ, ಸುತ್ತಲಿನವರು ಅಳುವುದನ್ನು ಕಂಡು ತಾನೂ ಮಂಕಾದಳೋ, ಅನುಮಾನ ಪಡುವವರು ಪಟ್ಟರು. ನನಗೂ ಅನುಮಾನವಿದೆ. 2018ರ ಜೂನ್ 19ರಂದು ಆಕೆಯೂ ನಿದ್ದೆಯಲ್ಲೇ ಹೋದಳು. 46 ವರ್ಷ.

ಅಣ್ಣ ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಔಟ್‌ಡೋರ್ ಒಪ್ಪಿಕೊಂಡರೆ ರೂಮಿನಲ್ಲಿ ಒಬ್ಬನೇ ಮಲಗೋದಿಲ್ಲ ಅಂತ ಮೊದಲೇ ಮ್ಯಾನೇಜರಿಗೆ ಹೇಳಿಬಿಡುತ್ತಾನೆ. ಹೋದ ತಿಂಗಳು ಒಂದು ನೈಟ್ ಷೂಟಿಂಗ್‌ಗೆ ಹೋಗಿದ್ದೆ. ಜನರೇಟರ್ ಸದ್ದಿಗೆ ಏನೂ ಕೇಳಿಸುವುದಿಲ್ಲ, ಲೈಟ್‌ನವರೆಲ್ಲ ಮೇಲೆ ಕೆಳಗೆ ಕೈಸನ್ನೆಯಲ್ಲೇ ವ್ಯವಹಾರ. ಅಣ್ಣ ಮೇಲಿನಿಂದ ನನ್ನನ್ನು ಕಂಡ. ಒಂದು ಕೈಯ ಬೆರಳನ್ನು ಇನ್ನೊಂದು ಕೈಯ ಹಿಂಬದಿಗೆ ಎಳೆದು ತೋರಿಸಿದ. ಪಕ್ಕದಲ್ಲಿದ್ದ ಕ್ಯಾಮರಾ ಅಸಿಸ್ಟೆಂಟ್ ‘ಯಾವ ಲೈಟಿಗೆ ಸಾರ್ ಅದು?’ ಅಂತ ನನ್ನನ್ನೇ ಕೇಳಿದ.